ಹಳ್ಳ ಮುಚ್ಚಿ ಬುನಾದಿ ಹಾಕಿದಾಗ ಕೆಲಸಕ್ಕೆ ಬಂದದ್ದು ಒಂದೇ ಅರ್ಜಿ

ಗದಗ ಜಿಲ್ಲೆಯಲ್ಲಿ ನಮ್ಮದು ಎರಿ (ಕಪ್ಪು ಮಣ್ಣಿನ) ಹೊಲ. ಕೆಳಗಿನ ಹೊಲದವರು ಮಳೆನೀರು ಹರಿಯುವ ಹಳ್ಳಕ್ಕೆ ಗರಸು (ಜಲ್ಲಿಮಣ್ಣು) ಹಾಕಿ, ಒಂದು ಸಿಮೆಂಟ್ ಪೈಪ್ ಇಟ್ಟು, ಮೇಲೆ ಗೋದಾಮಿನ ಬುನಾದಿ ಎತ್ತಿದರು. ಒಂದು ದೊಡ್ಡ ಮಳೆಗೆ ನೀರು ಹಿಂದಕ್ಕೆ ಒತ್ತಿ, ಉಳ್ಳಾಗಡ್ಡಿ ಮಡಿಯಲ್ಲಿ ನಾಲ್ಕು ದಿನ ನಿಂತಿತು.

ಪಂಚಾಯ್ತಿಗೆ ಬಾಯಿಮಾತಲ್ಲಿ ಹೇಳಿದೆ, ಆಗಲಿಲ್ಲ. ಪೊಲೀಸರು ಸಿವಿಲ್ ವ್ಯಾಜ್ಯ ಎಂದರು. ‘ನನ್ನ ಬೆಳೆ ಹಾಳಾಯ್ತು’ ಎಂದು ತಹಶೀಲ್ದಾರರಿಗೆ ಬರೆದೆ. ಅದೇ ತಪ್ಪು. ಹಾಗೆ ಬರೆದರೆ ಅದು ಇಬ್ಬರು ರೈತರ ಜಗಳ ಆಗಿಬಿಡುತ್ತದೆ, ಅಲ್ವಾ?

ಹಳ್ಳ ಸರ್ಕಾರದ್ದು. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 67ನೇ ಕಲಂ ಅದನ್ನೇ ಹೇಳುತ್ತದೆ. ಮೊದಲು ಗ್ರಾಮ ನಕಾಶೆ ತೆಗೆದುಕೊಂಡೆ. ಹಳ್ಳದ ಗೆರೆ ಅದರಲ್ಲಿತ್ತು. ಆಮೇಲೆ ಕೆಳಗಿನ ಹೊಲದ ಸರ್ವೆ ನಂಬರಿನ ಪಹಣಿ. ಮೂರನೇ ಕಾಲಂನಲ್ಲಿ ‘ಬ’ ಖರಾಬು (ಸಾಗುವಳಿಗೆ ಬಾರದ ಜಾಗ) ಎಷ್ಟು ಗುಂಟೆ ಎಂದು ನೋಡಿ, ಗುರುತು ಹಾಕಿದೆ. ‘ಬ’ ಅಂದರೆ ದಾರಿ, ಹಳ್ಳದಂಥ ಸಾರ್ವಜನಿಕ ಜಾಗ. ಕೊನೆಗೆ ಹಗ್ಗ ಹಿಡಿದು ಅಳೆದೆ: ಮೇಲ್ಗಡೆ 22 ಅಡಿ, ಬುನಾದಿ ಹತ್ತಿರ 5 ಅಡಿ. ಹಗ್ಗ ಕಾಣುವಂತೆ ಫೋಟೊ.

ಹೊಸ ಅರ್ಜಿಯಲ್ಲಿ ಬೆಳೆಯ ಮಾತೇ ಇಲ್ಲ. ‘ಸರ್ಕಾರಿ ಹಳ್ಳ ಒತ್ತುವರಿ, ಅಳತೆ ಮಾಡಿಸಿ ಭೂ ಕಂದಾಯ ಕಾಯ್ದೆಯ 104ನೇ ಕಲಂ ಪ್ರಕಾರ ತೆರವುಗೊಳಿಸಿ’ ಅಷ್ಟೇ. ಪ್ರತಿಯ ಮೇಲೆ ಸ್ವೀಕೃತಿ ಸಿಕ್ಕಾ ಹಾಕಿಸಿಕೊಂಡೆ. ಸರ್ವೆಯರ್ ಬಂದು ಕಲ್ಲು ನೆಟ್ಟು, ನಕ್ಷೆ ಕೊಟ್ಟರು. ನೋಟಿಸ್ ಹೋಯಿತು, ಕೆಲಸ ನಿಂತಿತು. ಪೈಪ್ ಮತ್ತು ಗರಸನ್ನು ಜೆಸಿಬಿ ಎತ್ತಿತು.