ಕಗ್ಗತ್ತಲ ಜಾಗ ಮೊದಲು, ವೀಕ್ಷಣಾಲಯ ಆಮೇಲೆ: ರಜೆಯಲ್ಲಿ ಆಕಾಶ ನೋಡುವ ನನ್ನ ಕ್ರಮ

ಆಕಾಶ ನೋಡಲೆಂದು ರಜೆ ಹಾಕುವಾಗ ನಾನು ಮೊದಲು ತೆರೆಯುವುದು ಪಂಚಾಂಗ. ಊರು ಯಾವುದು ಎಂಬುದು ಆಮೇಲಿನ ಮಾತು. ಹುಣ್ಣಿಮೆಯ ಆಸುಪಾಸಿನಲ್ಲಿ ಹೋದರೆ ಎಂಥ ಕತ್ತಲೆಯ ಊರಿನಲ್ಲೂ ಕ್ಷೀರಪಥ ಕಾಣದು.

ತಿಥಿಯಷ್ಟು ಅನುಕೂಲದ ಲೆಕ್ಕ ಇನ್ನೊಂದಿಲ್ಲ. ಒಂದು ತಿಥಿ ಎಂದರೆ ಚಂದ್ರ ಸೂರ್ಯನಿಂದ 12 ಡಿಗ್ರಿ ದೂರ ಸರಿಯುವ ಅವಧಿ. ಭೂಮಿ ತಿರುಗುವ ಲೆಕ್ಕದಲ್ಲಿ ಆಕಾಶದ 12 ಡಿಗ್ರಿ ಎಂದರೆ ಸುಮಾರು 48 ನಿಮಿಷ. ಹಾಗಾಗಿ ಶುಕ್ಲ ಪಕ್ಷದಲ್ಲಿ ತಿಥಿಯ ಸಂಖ್ಯೆಯನ್ನು 48ರಿಂದ ಗುಣಿಸಿದರೆ ಸೂರ್ಯ ಮುಳುಗಿ ಎಷ್ಟು ನಿಮಿಷಕ್ಕೆ ಚಂದ್ರ ಮುಳುಗುತ್ತಾನೆಂಬ ಅಂದಾಜು ಸಿಗುತ್ತದೆ. ಚೌತಿಗೆ ಸೂರ್ಯ ಮುಳುಗಿ ಸುಮಾರು ಮೂರು ಗಂಟೆಗಳ ನಂತರ, ಅಷ್ಟಮಿಗೆ ಹತ್ತಿರಹತ್ತಿರ ನಡುರಾತ್ರಿ. ಸಮಭಾಜಕದಿಂದ ದೂರ ಹೋದಷ್ಟೂ ಈ ಅಂದಾಜು ಜಾರುತ್ತದೆ. ಅಲ್ಲಿಗೆ ಹೋಗುವವರು ಆ ಊರಿನ ಚಂದ್ರಾಸ್ತದ ವೇಳೆಯನ್ನೇ ನೋಡಿಕೊಳ್ಳಬೇಕು.

ನನ್ನ ಕ್ರಮ ಇದು: ಅಮಾವಾಸ್ಯೆಗೆ ಒಂದೆರಡು ದಿನ ಮೊದಲು ಕಗ್ಗತ್ತಲ ಜಾಗ ಸೇರಿಕೊಳ್ಳುವುದು, ತದಿಗೆವರೆಗೆ ಅಲ್ಲೇ ಇರುವುದು, ಸಪ್ತಮಿ ಅಷ್ಟಮಿಯ ಹೊತ್ತಿಗೆ ವೀಕ್ಷಣಾಲಯ ತಲುಪುವುದು. ಕ್ಷೀರಪಥಕ್ಕೆ ಕತ್ತಲು ಬೇಕು, ಟೆಲಿಸ್ಕೋಪ್ ಬೇಡ. ಚಂದ್ರ ಮತ್ತು ಗ್ರಹಗಳಿಗೆ ಟೆಲಿಸ್ಕೋಪ್ ಬೇಕು, ಕತ್ತಲು ಬೇಡ. ಈ ಎರಡನ್ನೂ ಒಂದೇ ರಾತ್ರಿಗೆ ಗಂಟು ಹಾಕಲು ಹೋದರೆ ಎರಡೂ ಅರ್ಧಂಬರ್ಧ ಆಗುತ್ತವೆ.

ಸೂರ್ಯ ಮುಳುಗಿದ ತಕ್ಷಣ ಕತ್ತಲಾಯಿತು ಎಂದುಕೊಳ್ಳುವಂತಿಲ್ಲ. ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗಿಳಿಯುವವರೆಗೆ ಆಕಾಶದಲ್ಲಿ ಬೆಳಕಿನ ಪಸೆ ಇದ್ದೇ ಇರುತ್ತದೆ. ಸಮಭಾಜಕದ ಹತ್ತಿರ ಇದಕ್ಕೆ ಒಂದೂಕಾಲು ಗಂಟೆ ಸಾಕು. ಉತ್ತರಕ್ಕೆ ಹೋದಂತೆ ಸಂಜೆ ಹಿಗ್ಗುತ್ತದೆ. 49 ಡಿಗ್ರಿ ಅಕ್ಷಾಂಶದಿಂದ ಆಚೆ, ಜೂನ್ ಕೊನೆಯ ಭಾಗದಲ್ಲಿ, ಪೂರ್ತಿ ಕತ್ತಲು ಬರುವುದೇ ಇಲ್ಲ. ಬೇಸಿಗೆ ರಜೆಗೆ ಉತ್ತರ ಯುರೋಪಿನ ಕಡೆ ಹೋಗುವವರು ಎಡವುವುದು ಇಲ್ಲೇ.

ಜಾಗ ಆರಿಸಲು ನಾನು ಬೆಳಕಿನ ಮಾಲಿನ್ಯದ ನಕ್ಷೆ ನೋಡುತ್ತೇನೆ. ಅದರ ಬಣ್ಣಕ್ಕಿಂತ ಮುಖ್ಯವಾದದ್ದು ದಿಕ್ಕು: ದೊಡ್ಡ ಊರಿನ ಬೆಳಕಿನ ಗುಮ್ಮಟ ಯಾವ ಕಡೆ ಬೀಳುತ್ತದೆ? ಉತ್ತರಾರ್ಧಗೋಳದಲ್ಲಿ ಕ್ಷೀರಪಥದ ದಟ್ಟ ಭಾಗ, ಅಂದರೆ ವೃಶ್ಚಿಕ ಮತ್ತು ಧನು ರಾಶಿಗಳ ಸೀಮೆ, ಜೂನ್‌ನಿಂದ ಆಗಸ್ಟ್‌ವರೆಗಿನ ರಾತ್ರಿಗಳಲ್ಲಿ ದಕ್ಷಿಣದ ಕಡೆ ಇರುತ್ತದೆ. ಊರು ನನ್ನ ಉತ್ತರಕ್ಕಿದ್ದರೆ ನಡೆಯುತ್ತದೆ. ದಕ್ಷಿಣಕ್ಕಿದ್ದರೆ ಇನ್ನೂ ನಲವತ್ತು ಕಿಲೋಮೀಟರ್ ಆಚೆ ಹೋಗಿ, ಊರನ್ನು ಬೆನ್ನಿಗೆ ಹಾಕಿಕೊಳ್ಳುವುದೇ ಮೇಲು. ಜಾಗವನ್ನು ಹಗಲಿನಲ್ಲಿ ಒಮ್ಮೆ ನೋಡಲೇಬೇಕು. ಹಳ್ಳ, ತಂತಿಬೇಲಿ, ಗಾಡಿ ತಿರುಗಿಸುವ ಜಾಗ ಇವೆಲ್ಲ ರಾತ್ರಿ ಗೊತ್ತಾಗುವ ಸಂಗತಿಗಳಲ್ಲ. ಖಾಸಗಿ ಜಮೀನಾದರೆ ಮಾಲೀಕರನ್ನು ಕೇಳಿಯೇ ಕಾಲಿಡಬೇಕು.

ಎತ್ತರದ ವಿಷಯದಲ್ಲಿ ಒಂದು ಮಾತು. ಗಾಳಿ ತೆಳುವಾದಷ್ಟೂ ಆಕಾಶ ಶುಭ್ರ, ಆದರೆ ಆಮ್ಲಜನಕ ಕಡಿಮೆಯಾದಾಗ ಮೊದಲು ಮಂಕಾಗುವುದು ಕತ್ತಲೆಯಲ್ಲಿ ನೋಡುವ ಶಕ್ತಿ. ಹವಾಯಿಯ ಮೌನಾ ಕಿಯಾ ಪರ್ವತದ ತುದಿ 4,200 ಮೀಟರ್, ಪ್ರವಾಸಿ ಕೇಂದ್ರ ಸುಮಾರು 2,800 ಮೀಟರ್. ಬರಿಗಣ್ಣಿಗೆ ಕೆಳಗಿನದೇ ವಾಸಿ. ಲಡಾಖಿನ ಹಾನ್ಲೆ ಸುಮಾರು 4,500 ಮೀಟರ್ ಎತ್ತರದಲ್ಲಿದೆ. ಅಲ್ಲಿಗೆ ಹೋಗುವ ಮುನ್ನ 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಕೆಲವು ದಿನ ತಂಗಿ ಮೈ ಹೊಂದಿಸಿಕೊಳ್ಳಬೇಕು. ತಲೆನೋವು ಹೊತ್ತುಕೊಂಡು ಯಾರಿಗೂ ನಕ್ಷತ್ರ ನೋಡಲಾಗದು.

ಜಾಗ ಎಷ್ಟು ಕತ್ತಲೆ ಎಂದು ಅಳೆಯಲು ಉಪಕರಣವೇ ಬೇಕೆಂದಿಲ್ಲ. ಹವ್ಯಾಸಿ ಖಗೋಳ ವೀಕ್ಷಕ ಜಾನ್ ಬೋರ್ಟಲ್ 2001ರಲ್ಲಿ ಕೊಟ್ಟ ಒಂಬತ್ತು ದರ್ಜೆಗಳ ಅಳತೆಪಟ್ಟಿ ಕಣ್ಣನ್ನೇ ನೆಚ್ಚಿಕೊಂಡದ್ದು. ಉತ್ತರ ಆಕಾಶ ಚೆನ್ನಾಗಿ ಕಾಣುವ ಕಡೆ ನಾನು ಪುಟ್ಟ ಸೌಟಿನ ಆಕಾರದ ನಕ್ಷತ್ರಗುಂಪನ್ನು ನೋಡುತ್ತೇನೆ, ಅದರ ಹಿಡಿಯ ತುದಿಯಲ್ಲಿರುವುದೇ ಧ್ರುವ ನಕ್ಷತ್ರ. ಅದರ ಬಟ್ಟಲಿನ ನಾಲ್ಕು ನಕ್ಷತ್ರಗಳ ಕಾಂತಿಮಾನ ಸುಮಾರು 2, 3, 4 ಮತ್ತು 5, ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಂಕು. ಎರಡೇ ಕಂಡರೆ ಅದು ಪಟ್ಟಣದ ಆಕಾಶ. ನಾಲ್ಕನೆಯದು ತಡಕಾಡದೆ ಕಂಡರೆ ಬೈನಾಕ್ಯುಲರ್ ಹೊರತೆಗೆಯಬಹುದು.

ಇನ್ನು ಕಣ್ಣು. ಕತ್ತಲೆಗೆ ಅದು ಒಗ್ಗಲು 20ರಿಂದ 30 ನಿಮಿಷ ಬೇಕು. ಪಾಪೆ ಹಿಗ್ಗುವುದು ಬೇಗ ಆಗಿಬಿಡುತ್ತದೆ. ನಿಧಾನವಾಗುವುದು ಅಕ್ಷಿಪಟಲದಲ್ಲಿ ಮಂದ ಬೆಳಕನ್ನು ಹಿಡಿಯುವ ಕಂಬಿಕೋಶಗಳಲ್ಲಿ ರೊಡಾಪ್ಸಿನ್ ಎಂಬ ವರ್ಣದ್ರವ್ಯ ಮತ್ತೆ ತುಂಬಿಕೊಳ್ಳುವ ಕೆಲಸ. ಒಂದು ಸಲ ಫೋನ್ ನೋಡಿದರೆ ಅದು ಬಹುಪಾಲು ಮೊದಲಿಂದ ಶುರುವಾಗಬೇಕು. ಟಾರ್ಚಿಗೆ ಕೆಂಪು ಜಿಲೇಟಿನ್ ಹಾಳೆಯನ್ನು ನಾಲ್ಕೈದು ಪದರ ಸುತ್ತುತ್ತೇನೆ. ಕೆಂಪಾದರೆ ಸಾಲದು, ಮಂದವೂ ಆಗಿರಬೇಕು. ಅಂಗೈಯ ಗೆರೆ ಕಷ್ಟಪಟ್ಟು ಕಾಣುವಷ್ಟು ಸಾಕು.

ಗುಂಪಿನಲ್ಲಿ ರಾತ್ರಿ ಕೆಡಿಸುವುದು ಹೆಚ್ಚಾಗಿ ಕಾರು. ಯಾರೋ ಒಬ್ಬರು ಸ್ವೆಟರ್ ತರಲು ರಿಮೋಟ್ ಒತ್ತುತ್ತಾರೆ, ನಾಲ್ಕೂ ಇಂಡಿಕೇಟರ್ ಮಿನುಗುತ್ತವೆ, ಬಾಗಿಲು ತೆರೆದರೆ ಒಳಗಿನ ದೀಪ, ಡಿಕ್ಕಿ ಎತ್ತಿದರೆ ಇನ್ನೊಂದು ದೀಪ. ಎಲ್ಲರಿಗೂ ಅರ್ಧ ಗಂಟೆ ನಷ್ಟ. ಅದಕ್ಕೇ ಸ್ವೆಟರ್, ನೀರು, ಚಾಪೆ ಎಲ್ಲವನ್ನೂ ಬೆಳಕಿರುವಾಗಲೇ ಹೊರಗಿಟ್ಟು, ಒಳಗಿನ ದೀಪದ ಸ್ವಿಚ್ ಆಫ್ ಮಾಡಿ, ಗಾಡಿಯ ಮೂತಿಯನ್ನು ಹೊರಡುವ ದಿಕ್ಕಿಗೆ ತಿರುಗಿಸಿ ನಿಲ್ಲಿಸುತ್ತೇನೆ. ಮೊದಲು ಹೊರಡುವವರು ಉಳಿದವರ ಮುಖಕ್ಕೆ ಹೆಡ್‌ಲೈಟ್ ಹಾಯಿಸುವುದೂ ಇದರಿಂದ ತಪ್ಪುತ್ತದೆ.

ಪ್ರವಾಸಕ್ಕೆ 10×50 ಬೈನಾಕ್ಯುಲರ್, ಅಂದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 50 ಮಿಲಿಮೀಟರ್ ಅಗಲದ್ದು, ಒಂದೇ ಸಾಕು. ಪೂರ್ತಿ ಮಲಗಿ ನೋಡಬೇಕು, ನಿಂತು ನೋಡಿದರೆ ಹತ್ತು ನಿಮಿಷಕ್ಕೆ ಕುತ್ತಿಗೆ ಹಿಡಿಯುತ್ತದೆ, ಕೈಯೂ ನಡುಗುತ್ತದೆ. ಕೃತ್ತಿಕೆಯಂಥ ಗುಂಪಿಗೆ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. 25 ಲಕ್ಷ ಜ್ಯೋತಿರ್ವರ್ಷ ದೂರದ ದೇವಯಾನಿ ಗೆಲಾಕ್ಸಿ ಉದ್ದನೆಯ ಮಸುಕಾಗಿ ಪೂರ್ತಿ ಒಳಗೆ ಕೂರುತ್ತದೆ. ಇಬ್ಬನಿ ಬೀಳುವ ರಾತ್ರಿ ಗಾಜು ಮಂಜಾದರೆ ಒರೆಸಬಾರದು, ಗೀರು ಬೀಳುತ್ತದೆ. ಜಾಕೆಟ್ಟಿನೊಳಗೆ ಐದು ನಿಮಿಷ ಇಟ್ಟುಕೊಂಡರೆ ತಾನಾಗಿ ಆರುತ್ತದೆ. ಫೋಟೊ ಬೇಕಾದವರಿಗೆ ಟ್ರೈಪಾಡ್, 24 ಮಿಲಿಮೀಟರ್ ಲೆನ್ಸ್, ಎಫ್ 2.8, ಐಎಸ್ಒ 3200, ಹದಿನೈದು ಸೆಕೆಂಡು. ಅದಕ್ಕಿಂತ ಬಹಳ ಹೆಚ್ಚಿದರೆ ನಕ್ಷತ್ರಗಳು ಗೆರೆಯಾಗುತ್ತವೆ.

ವೀಕ್ಷಣಾಲಯಕ್ಕೆ ಹೋಗುವ ಮುನ್ನ ತಿಳಿದಿರಬೇಕಾದದ್ದು: ದೊಡ್ಡ ಸಂಶೋಧನಾ ಟೆಲಿಸ್ಕೋಪಿಗೆ ಸಾಮಾನ್ಯವಾಗಿ ಐಪೀಸ್, ಅಂದರೆ ಕಣ್ಣಿಟ್ಟು ನೋಡುವ ಮಸೂರ, ಇರುವುದಿಲ್ಲ, ಕ್ಯಾಮೆರಾ ಇರುತ್ತದೆ. ಹಾನ್ಲೆಯ 2 ಮೀಟರ್ ಅಗಲದ ಕನ್ನಡಿಯ ಹಿಮಾಲಯನ್ ಚಂದ್ರ ಟೆಲಿಸ್ಕೋಪನ್ನು ನಡೆಸುವವರು ಕೂರುವುದು ಬೆಂಗಳೂರಿನ ಹೊರವಲಯದ ಹೊಸಕೋಟೆಯಲ್ಲಿ, ಉಪಗ್ರಹ ಸಂಪರ್ಕದ ಮೂಲಕ. ಸಾರ್ವಜನಿಕರಿಗೆ ಕಣ್ಣಿಟ್ಟು ನೋಡಲು ಕೊಡುವುದು ಬೇರೆ, ಚಿಕ್ಕ ಟೆಲಿಸ್ಕೋಪು. ಅದರಲ್ಲಿ ಬೇಸರಪಡುವಂಥದ್ದು ಏನೂ ಇಲ್ಲ. ಯಾವ ದಿನ ತೋರಿಸುತ್ತಾರೆ, ಹೆಸರು ಮೊದಲೇ ನೋಂದಾಯಿಸಬೇಕೇ, ಮೋಡ ಕವಿದರೆ ಬೇರೆ ದಿನ ಕೊಡುತ್ತಾರೆಯೇ ಎಂಬ ಮೂರನ್ನು ಮುಂಚೆಯೇ ಕೇಳಿಕೊಳ್ಳುತ್ತೇನೆ.

ಏನು ತೋರಿಸಬೇಕೆಂದು ಕೇಳುವುದರಲ್ಲೂ ಜಾಣತನ ಬೇಕು. 200 ಪಟ್ಟು ದೊಡ್ಡದಾಗಿಸುವ ಟೆಲಿಸ್ಕೋಪಿನಲ್ಲಿ ಕಾಣುವ ಆಕಾಶದ ತುಂಡು ಸಾಮಾನ್ಯವಾಗಿ ಹುಣ್ಣಿಮೆ ಚಂದ್ರನ ಅಗಲಕ್ಕಿಂತ ಚಿಕ್ಕದು. ಕೃತ್ತಿಕೆ ಕೇಳಿದರೆ ಒಂದೆರಡು ನಕ್ಷತ್ರ ಕಂಡಾವು, ಅಷ್ಟೇ. ಚಂದ್ರ, ಶನಿ, ಗುರು, ಹೊನ್ನು ಮತ್ತು ನೀಲಿ ಬಣ್ಣದ ಜೋಡಿ ನಕ್ಷತ್ರ ಆಲ್ಬಿರಿಯೊ, ನಕ್ಷತ್ರಗಳು ಚೆಂಡಿನಂತೆ ಒತ್ತಾಗಿ ಸೇರಿದ ಚಿಕ್ಕ ಗೋಳಗುಚ್ಛ, ಇವನ್ನು ಕೇಳಬೇಕು. ಶನಿಯ ಬಳೆ 2025ರಲ್ಲಿ ಅಂಚು ತೋರಿಸಿ ಗೆರೆಯಂತಾಗಿತ್ತು. ಅದು ವರ್ಷವರ್ಷ ತೆರೆದುಕೊಳ್ಳುತ್ತಾ 2032ಕ್ಕೆ ಪೂರ್ತಿ ಅರಳುತ್ತದೆ. ಮಬ್ಬು ಕವಿದ ರಾತ್ರಿ ಎಂದು ಭೇಟಿ ಬಿಡಬೇಡಿ. ಮಬ್ಬಿದ್ದರೂ ಗಾಳಿ ಅಲುಗದ ರಾತ್ರಿ ಗ್ರಹಗಳು ಕೊರೆದಿಟ್ಟಂತೆ ನಿಲ್ಲುತ್ತವೆ. ಮಳೆ ತೊಳೆದ ಆಕಾಶದಲ್ಲಿ ಎಷ್ಟೋ ಸಲ ಅವು ಕುದಿಯುವ ನೀರಿನ ತಳದ ನಾಣ್ಯದಂತೆ ಅಲ್ಲಾಡುತ್ತವೆ.

ಐಪೀಸಿಗೆ ಕಣ್ಣಿಡುವಾಗ ಕೊಳವೆ ಹಿಡಿಯಬಾರದು, ಕೈ ಬೆನ್ನ ಹಿಂದಿರಲಿ. ಬರೀ ಸಮೀಪದೃಷ್ಟಿಯ ಕನ್ನಡಕವಾದರೆ ತೆಗೆದು ಫೋಕಸ್ ಸರಿಮಾಡಿಸಿಕೊಳ್ಳಬಹುದು. ಅಸ್ಟಿಗ್ಮ್ಯಾಟಿಸಂ, ಅಂದರೆ ಕಣ್ಣಿನ ಬಾಗು ಎಲ್ಲ ಕಡೆ ಸಮವಿಲ್ಲದ ದೋಷ, ಇದ್ದರೆ ಕನ್ನಡಕ ಇರಲಿ, ಅದನ್ನು ಫೋಕಸ್ ತಿದ್ದಲಾರದು. ಮಸುಕಾದ ವಸ್ತುವನ್ನು ನೆಟ್ಟ ನೋಟದಿಂದ ನೋಡಿದರೆ ಮಾಯವಾಗುತ್ತದೆ, ನೋಟದ ನಡುವಿನಲ್ಲಿ ಕಂಬಿಕೋಶಗಳಿಲ್ಲ. ಬಲಗಣ್ಣಾದರೆ ನೋಟವನ್ನು ವಸ್ತುವಿನ ಸ್ವಲ್ಪ ಬಲಕ್ಕೆ, ಎಡಗಣ್ಣಾದರೆ ಎಡಕ್ಕೆ ಸರಿಸಿ. ವಸ್ತು ಮೂಗಿನ ಕಡೆ ಬಂದು, ಕುರುಡುಚುಕ್ಕೆಯ ಮೇಲೆ ಬೀಳುವುದು ತಪ್ಪುತ್ತದೆ.

ಅಷ್ಟಮಿಯ ಚಂದ್ರನಲ್ಲಿ ನೋಡಬೇಕಾದದ್ದು ಬೆಳಕು ಕತ್ತಲು ಸೇರುವ ಗೆರೆ. ಕುಳಿಯ ತಳ ಪೂರ್ತಿ ಕಪ್ಪಾಗಿದ್ದು, ನಡುವಿನ ಶಿಖರದ ತುದಿಗೆ ಮಾತ್ರ ಬಿಸಿಲು ತಾಗಿ ಒಂದು ಬಿಳಿ ಚುಕ್ಕಿ ಹೊಳೆಯುತ್ತಿರುತ್ತದೆ. ಅಂಥದ್ದೊಂದನ್ನು ಗುರುತಿಟ್ಟುಕೊಂಡು ನಾನು ಸಾಲಿನ ಕೊನೆಗೆ ಹೋಗಿ ಮತ್ತೆ ನಿಲ್ಲುತ್ತೇನೆ. ಗಂಟೆ ಕಳೆದು ಸರದಿ ಬರುವಷ್ಟರಲ್ಲಿ ಆ ಚುಕ್ಕಿ ಅಗಲವಾಗಿರುತ್ತದೆ: ಅಲ್ಲಿ ಸೂರ್ಯ ಏರುತ್ತಿರುತ್ತಾನೆ.