ಸಿಸೆರೊನ ಗಡೀಪಾರಿನ ಪತ್ರಗಳು: ಕಣ್ಣೀರು ಎಲ್ಲಿ ನಿಲ್ಲುತ್ತದೆ ಎಂದು ನೋಡುವುದು

ಕ್ರಿ.ಪೂ. 58ರ ಮಾರ್ಚ್‌ನಲ್ಲಿ, ವಿಚಾರಣೆಯಿಲ್ಲದೆ ರೋಮನ್ ನಾಗರಿಕರನ್ನು ಕೊಲ್ಲಿಸಿದವರನ್ನು ಗಡೀಪಾರು ಮಾಡುವ, ತನ್ನ ವೈರಿ ಕ್ಲೋಡಿಯಸ್‌ನ ಕಾನೂನಿಗೆ ಅಂಜಿ ರೋಮ್‌ನ ವಾಗ್ಮಿ, ರಾಜಕಾರಣಿ ಸಿಸೆರೊ ಊರು ಬಿಟ್ಟ. ಗಡೀಪಾರಿನಿಂದ ಅವನು ಬರೆದ ಪತ್ರಗಳಲ್ಲಿ ಗೆಳೆಯ ಅಟಿಕಸ್‌ಗೆ 27, ಹೆಂಡತಿ ಟೆರೆನ್ಷಿಯಾಗೆ 4, ತಮ್ಮ ಕ್ವಿಂಟಸ್‌ಗೆ 2 ಉಳಿದಿವೆ. ಸಂಪುಟಗಳಲ್ಲಿ ಇವು ಚದುರಿವೆ. ಟೆರೆನ್ಷಿಯಾಗೆ ಮೊದಲು ಬರೆದದ್ದು ನಾಲ್ಕನೆಯದಾಗಿ ಅಚ್ಚಾಗಿದೆ. ಹಾಗಾಗಿ ನಾನು ಮೊದಲು ಎಲ್ಲವನ್ನೂ ತಾರೀಖಿನಂತೆ ಜೋಡಿಸುತ್ತೇನೆ. ಸೀಸರ್ ಪಂಚಾಂಗ ತಿದ್ದುವ ಮುಂಚೆ ಏಪ್ರಿಲ್‌ಗೆ 29 ದಿನವೇ ಇತ್ತು. ಹಳೆಯ ಅನುವಾದಗಳ ‘ಏಪ್ರಿಲ್ 30’ ಅನ್ನು 29 ಎಂದು ತಿದ್ದಿಕೊಳ್ಳದಿದ್ದರೆ ಲೆಕ್ಕ ತಪ್ಪುತ್ತದೆ.

ಆ 29ರಂದೇ ಬ್ರುಂಡಿಸಿಯಂ ಬಂದರಿನಿಂದ ಎರಡು ಪತ್ರ ಹೊರಟಿವೆ. ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ.

ಪತ್ರಗಳಲ್ಲಿ ಕನಿಕರ ಹುಟ್ಟಿಸುವ ಮಾತುಗಳಿಗೆ ನಾನು ಗುರುತು ಹಾಕುತ್ತೇನೆ. ಅದಕ್ಕೆ ಬೇಕಾದ ಪಟ್ಟಿಯನ್ನು ಸಿಸೆರೊನೇ ಕೊಟ್ಟಿದ್ದಾನೆ. ಎಳೆಯ ವಯಸ್ಸಿನಲ್ಲಿ ಭಾಷಣಕಲೆಯ ಬಗ್ಗೆ ಬರೆದ ‘ಡೇ ಇನ್ವೆನ್ಷಿಯೋನೆ’ಯಲ್ಲಿ ಕನಿಕರ ಹುಟ್ಟಿಸುವ 16 ದಾರಿಗಳಿವೆ: ಅಂದಿನ ಸುಖದೆದುರು ಇಂದಿನ ದುಃಖ, ಅಸಹಾಯಕತೆ, ಮಕ್ಕಳನ್ನು ಇತರರ ಮಡಿಲಿಗೆ ಒಪ್ಪಿಸುವುದು, ಅಗಲಿಕೆ, ತನಗಿಂತ ತನ್ನವರಿಗಾಗಿ ಮರುಗುವುದು, ಹೀಗೆ. ಒಂದು ವಾಕ್ಯ ಈ ಪಟ್ಟಿಗೆ ಹೊಂದಿತೆಂದು ದುಃಖವೇ ನಾಟಕ ಎನ್ನಬಾರದು. ನ್ಯಾಯಾಲಯದಲ್ಲಿ ಪಳಗಿದ ನಾಲಿಗೆಗೆ ನಿಜವಾದ ಸಂಕಟದಲ್ಲೂ ಒದಗುವುದು ಪಳಗಿದ ಮಾತೇ.

ಟೆರೆನ್ಷಿಯಾಗೆ ಬರೆದುದರಲ್ಲಿ ಗುರುತುಗಳು ಒತ್ತೊತ್ತಾಗಿ ಬೀಳುತ್ತವೆ. ಮೈಮನಸ್ಸು ಎರಡೂ ಸೋತವಳನ್ನು ಬಾ ಎನ್ನಲೇ, ಬೇಡವೆನ್ನಲೇ, ನೀನಿಲ್ಲದೆ ಇರಲೇ ಎಂದು ಪ್ರಶ್ನೆಗಳ ಮೇಲೆ ಪ್ರಶ್ನೆ. ಮಗಳು ಟುಲ್ಲಿಯಾಳ ಮಾತು ಬರುತ್ತದೆ, ಮಗನ ಗತಿಯೇನು ಎನ್ನುತ್ತಾನೆ, ಅಲ್ಲಿಗೆ ‘ಇನ್ನು ಬರೆಯಲಾರೆ, ದುಃಖ ಬಿಡದು’ ಎಂದು ನಿಲ್ಲಿಸುತ್ತಾನೆ. ಆದರೆ ಪತ್ರ ಮುಂದುವರಿಯುತ್ತದೆ: ಅವಳ ಕೈಯಲ್ಲಿ ಆಸ್ತಿ ಏನಾದರೂ ಉಳಿಯಿತೇ, ಗುಲಾಮರನ್ನು ಯಾವ ಷರತ್ತಿನ ಮೇಲೆ ಬಿಡುಗಡೆ ಮಾಡಬೇಕು, ಜೊತೆಗಿದ್ದವರಲ್ಲಿ ಯಾರು ಉಳಿದರು. ಓದುವವರು ಹೆಚ್ಚಾಗಿ ಕಣ್ಣೀರಿನ ಭಾಗವನ್ನಷ್ಟೇ ಕತ್ತರಿಸಿ ಉದ್ಧರಿಸುತ್ತಾರೆ. ಆಗ ಈ ತಿರುವೇ ಕಳೆದುಹೋಗುತ್ತದೆ.

ಅಟಿಕಸ್‌ಗೆ ಅದೇ ದಿನ ಬರೆದುದರಲ್ಲಿ ಕ್ರಮ ತಲೆಕೆಳಗು. ಗ್ರೀಸ್ ಕಡೆಯ ಎಪಿರಸ್‌ನ ನಿನ್ನ ಮನೆಗೆ ಏಕೆ ಬರಲಾರೆ ಎಂಬ ಲೆಕ್ಕಾಚಾರ ಮೊದಲು: ದಾರಿ, ಹತ್ತಿರದಲ್ಲೇ ಇರುವ ಶತ್ರುಗಳು. ಆಮೇಲೆ, ನಿನ್ನ ಮಾತಿಗೆ ಪ್ರಾಣ ಉಳಿಸಿಕೊಂಡಿದ್ದೇನೆ, ಉಳಿಸಿಕೊಂಡದ್ದಕ್ಕೆ ಪರಿತಪಿಸದಂತೆ ಮಾಡುವುದು ನಿನ್ನಿಂದಾಗದು ಎನ್ನುತ್ತಾನೆ. ಮಕ್ಕಳ ಹೆಸರು ಹಿಡಿದು ಅಳುವುದು ಇಲ್ಲಿಲ್ಲ.

ಆದ್ದರಿಂದ ನಾನು ಎರಡು ಬಣ್ಣ ಬಳಸುತ್ತೇನೆ. ಅಳಲಿಗೆ ಕೆಂಪು, ಕೋರಿಕೆ, ಆಕ್ಷೇಪ, ಸಮರ್ಥನೆಗಳಿಗೆ ನೀಲಿ. ಪ್ರತಿ ಕೆಂಪಿನ ಹಿಂದೆ ಮುಂದೆ ಯಾವ ನೀಲಿ ಇದೆ ಎಂದು ಅಂಚಿನಲ್ಲಿ ಬರೆದಿಡುತ್ತೇನೆ. ಜೂನ್ 13ರಂದು ಥೆಸಲೋನಿಕಾದಿಂದ ಕ್ವಿಂಟಸ್‌ಗೆ ಬರೆದ ಪತ್ರ ‘ತಮ್ಮಾ, ತಮ್ಮಾ, ತಮ್ಮಾ’ ಎಂದೇ ತೊಡಗುತ್ತದೆ. ಬೆನ್ನಿಗೇ ಸಮರ್ಥನೆ: ಪತ್ರವಿಲ್ಲದೆ ಆಳುಗಳನ್ನು ಕಳಿಸಿದ್ದು ಸಿಟ್ಟಿನಿಂದಲ್ಲ, ನಿನ್ನನ್ನು ಕಾಣಲೊಲ್ಲದೆಯೂ ಅಲ್ಲ, ಈ ಸ್ಥಿತಿಯಲ್ಲಿ ನಾನು ನಿನ್ನ ಕಣ್ಣಿಗೆ ಬೀಳಬಾರದೆಂದು. ಆಗಸ್ಟ್ 17ರಂದು ಅಟಿಕಸ್‌ಗೆ ಬರೆದುದರಲ್ಲಿ, ನನ್ನ ದುಃಖಕ್ಕೆ ನೀನು ಕಣ್ಣೀರು ಕೊಟ್ಟೆ, ಬುದ್ಧಿಮಾತು ಕೊಡಲಿಲ್ಲ ಎಂಬ ದೂರಿದೆ. ಅದರ ಹಿಂದೆಯೇ ಕ್ಲೋಡಿಯಸ್‌ನ ಕಾನೂನನ್ನು ರದ್ದುಮಾಡುವ ಬಗೆಯ ಚರ್ಚೆ.