31 ಗೋಲು ನೋಡಿ ನಾನು ಬರೆದ ತಪ್ಪು ವರದಿ

ಹದಿನೇಳು ವರ್ಷದ ಹುಡುಗನೊಬ್ಬ ಒಂದೇ ಸೀಸನ್ನಿನಲ್ಲಿ 31 ಗೋಲು ಹೊಡೆದ. ಆಗ ನಾನು ಫುಟ್‌ಬಾಲ್ ಕ್ಲಬ್ಬೊಂದರ ಯುವ ತಂಡದಲ್ಲಿ ಫಾರ್ವರ್ಡ್‌ಗಳನ್ನು ನೋಡಿಕೊಳ್ಳುವ ಕೋಚ್. ವರ್ಷದ ಕೊನೆಗೆ ಪ್ರತಿ ಹುಡುಗನ ಬಗ್ಗೆಯೂ ವರದಿ ಬರೆಯಬೇಕಿತ್ತು. ಅದರ ತಳದಲ್ಲಿ ಎರಡೇ ಪ್ರಶ್ನೆ: ಸೀನಿಯರ್ ತಂಡಕ್ಕೆ ಬರುತ್ತಾನೆಯೇ, ದೇಶದ ತಂಡಕ್ಕೆ ಹೋಗುತ್ತಾನೆಯೇ? ಉಳಿದವರ ವಿಷಯದಲ್ಲಿ ಅರ್ಧ ಗಂಟೆ ಪೆನ್ನು ಕಚ್ಚುತ್ತಿದ್ದ ನಾನು ಇವನದನ್ನು ಎರಡು ನಿಮಿಷದಲ್ಲಿ ಮುಗಿಸಿದೆ. ‘ಎರಡು ವರ್ಷದಲ್ಲಿ ಸೀನಿಯರ್ ತಂಡ, ಮೂರರಲ್ಲಿ ದೇಶದ ಜರ್ಸಿ.’

ಅವನಿಗೆ ಹತ್ತೊಂಬತ್ತು ತುಂಬಿದ ವರ್ಷ ಕ್ಲಬ್ ಅವನ ಒಪ್ಪಂದವನ್ನು ಮುಂದುವರಿಸಲಿಲ್ಲ.

ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುತ್ತಾರಲ್ಲ, ಸ್ಟ್ರೈಕರ್‌ಗಳ, ಅಂದರೆ ಗೋಲು ಹೊಡೆಯುವ ಫಾರ್ವರ್ಡ್‌ಗಳ ಮಟ್ಟಿಗೆ ಆ ಮಾತನ್ನು ನಾನು ಅವತ್ತೇ ಬಿಟ್ಟೆ. ಮೊಳಕೆಯಲ್ಲಿ ಕಾಣುವುದು ಸಿರಿಯೋ ಬರೀ ಎತ್ತರವೋ ಅನ್ನುವುದೇ ತಿಳಿಯುವುದಿಲ್ಲ. ಅವನು ಬ್ಯಾಗು ಹೊತ್ತು ಹೋದ ಮೇಲೆ ಒಂದು ಭಾನುವಾರ ಕೂತು ಆ 31 ಗೋಲುಗಳ ವಿಡಿಯೊವನ್ನು ಮತ್ತೆ ನೋಡಿದೆ. ಈ ಸಲ ಸಂಭ್ರಮದ ಭಾಗ ಕತ್ತರಿಸಿ, ಚೆಂಡು ಬರುವುದಕ್ಕೆ ಮುಂಚಿನ ಹತ್ತು ಸೆಕೆಂಡು ಮಾತ್ರ.

ಏಳು ಪೆನಾಲ್ಟಿ. ಪೆನಾಲ್ಟಿ ಯಾರು ಹೊಡೆದರೂ ಹೆಚ್ಚುಕಡಿಮೆ ನಾಲ್ಕರಲ್ಲಿ ಮೂರು ಒಳಗೆ ಹೋಗುತ್ತವೆ, ಅದರಿಂದ ಹುಡುಗನ ಬಗ್ಗೆ ತಿಳಿಯುವುದು ಅಷ್ಟಕ್ಕಷ್ಟೆ. ಹದಿನೈದು ಗೋಲು ಒಂದೇ ಅಚ್ಚಿನವು: ಹಿಂದಿನಿಂದ ಉದ್ದ ಚೆಂಡು, ಇವನು ಡಿಫೆಂಡರನನ್ನು ಓಟದಲ್ಲಿ ಹಿಂದೆ ಹಾಕುತ್ತಾನೆ, ಎದುರಿಗೆ ಗೋಲ್‌ಕೀಪರ್ ಒಬ್ಬನೇ. ಉಳಿದದ್ದು ಒಂಬತ್ತು. ಅದರಲ್ಲಿ ಗೋಲಿನ ಮುಂದಿನ ಬಾಕ್ಸಿನೊಳಗೆ ಗುಂಪಿನ ನಡುವೆ ಜಾಗ ಮಾಡಿಕೊಂಡು ಹೊಡೆದದ್ದು ನಾಲ್ಕು. ಅಂದರೆ ನಾನು ಹೊಗಳಿದ್ದು ಅವನ ತೊಡೆಯ ಬಲವನ್ನು. ಸೀನಿಯರ್ ಆಟದಲ್ಲಿ ಡಿಫೆಂಡರುಗಳ ತೊಡೆಯೂ ಅಷ್ಟೇ ಗಟ್ಟಿ, ಜೊತೆಗೆ ಹತ್ತು ಗಜ ಹಿಂದೆಯೇ ನಿಲ್ಲುವ ಬುದ್ಧಿಯೂ ಅವರಿಗಿರುತ್ತದೆ. ಹಾಗೆ ನಿಂತರೆ ಇವನಿಗೆ ಓಡಲು ಜಾಗವೇ ಉಳಿಯುತ್ತಿರಲಿಲ್ಲ.

ಇನ್ನೊಂದನ್ನು ನಾನು ನೋಡಬೇಕಿತ್ತು, ನೋಡಿರಲಿಲ್ಲ. ಅವನು ಹುಟ್ಟಿದ್ದು ಜನವರಿಯಲ್ಲಿ. ಫಿಫಾ ವಯೋಮಿತಿಯ ಟೂರ್ನಿಗಳಲ್ಲಿ ಲೆಕ್ಕ ಶುರುವಾಗುವುದು ಜನವರಿ 1ಕ್ಕೆ, ನಮ್ಮ ಲೀಗಿನಲ್ಲೂ ಹಾಗೇ. ಅದೇ ವರ್ಷದ ನವೆಂಬರಿನಲ್ಲಿ ಹುಟ್ಟಿದವನಿಗಿಂತ ಇವನು ಹತ್ತು ತಿಂಗಳು ದೊಡ್ಡವನು, ಆದರೂ ಇಬ್ಬರೂ ಒಂದೇ ವಯಸ್ಸಿನವರೆಂದು ಕಾಗದ ಹೇಳುತ್ತದೆ. ಮೂವತ್ತರ ಹೊತ್ತಿಗೆ ಹತ್ತು ತಿಂಗಳು ಲೆಕ್ಕಕ್ಕೇ ಬಾರದು. ಹದಿನೈದರಲ್ಲಿ ಅದು ಮೀಸೆ ಬಂದವನಿಗೂ ಬಾರದವನಿಗೂ ಇರುವ ಅಂತರ. ಯಾವುದೇ ಯುವ ಅಕಾಡೆಮಿಯ ಪಟ್ಟಿ ತೆಗೆದು ಹುಟ್ಟಿದ ತಿಂಗಳು ಎಣಿಸಿ ನೋಡಿ, ಮೊದಲ ಮೂರು ತಿಂಗಳೇ ಉಬ್ಬಿಕೊಂಡಿರುತ್ತವೆ.

ಆಮೇಲೆ ನಾನು ಗೋಲಿನ ಕಾಲಮ್ಮನ್ನೇ ಮಡಚಿಟ್ಟು ಬೇರೆ ನೋಟ್‌ಬುಕ್ ಶುರುಮಾಡಿದೆ. ಗೋಲಿನ ಹಿಂದಿನ ಗ್ಯಾಲರಿಯಲ್ಲಿ ಎತ್ತರದ ಜಾಗ ಹಿಡಿದು ಕೂರುವುದು, ಇಪ್ಪತ್ತು ನಿಮಿಷ ಚೆಂಡನ್ನು ಮರೆತು ಒಬ್ಬನನ್ನೇ ನೋಡುವುದು. ಮೊದಮೊದಲು ಇದು ಹಿಂಸೆ. ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ. ಅಲ್ಲೆಲ್ಲೋ ಕೂಗಾಟ ಆದಾಗಂತೂ ತಡೆದುಕೊಳ್ಳುವುದು ಕಷ್ಟ. ಎರಡು ತಿಂಗಳಾದ ಮೇಲೆ ಅಭ್ಯಾಸವಾಯಿತು. ಚೆಂಡು ತನ್ನ ಕಡೆ ಬರುವ ಮುಂಚೆ ಎಷ್ಟು ಸಲ ಹೆಗಲ ಮೇಲಿಂದ ಹಿಂತಿರುಗಿ ನೋಡಿದ ಎಂದು ಗೀಟು ಹಾಕುತ್ತೇನೆ. ಡಿಫೆಂಡರನಿಗೆ ಕಾಣುವಂತೆ ಅವನ ಎದುರಿಗೇ ನಿಲ್ಲುತ್ತಾನೋ, ಅವನ ಬೆನ್ನ ಹಿಂದೆ ಸರಿಯುತ್ತಾನೋ? ಡಿಫೆಂಡರ್ ಚೆಂಡನ್ನೂ ಇವನನ್ನೂ ಒಟ್ಟಿಗೆ ನೋಡಲಾಗದ ಒಂದು ಜಾಗ ಸದಾ ಇರುತ್ತದೆ, ಅದು ಚೆಂಡಿನ ಜೊತೆ ಜರುಗುತ್ತಲೇ ಇರುತ್ತದೆ. ಒಳ್ಳೆಯ ಸ್ಟ್ರೈಕರ್ ಮನೆಮಾಡುವುದು ಅಲ್ಲಿ. ಬದಿಯಿಂದ ಗೋಲಿನ ಮುಂದಕ್ಕೆ ಚೆಂಡು, ಅಂದರೆ ಕ್ರಾಸ್, ಬರುವಾಗ ಎಲ್ಲರೂ ಗೋಲಿನ ಬಾಯಿಗೆ ನುಗ್ಗುತ್ತಾರೆ, ಡಿಫೆಂಡರುಗಳೂ ಹಿಂದೋಡುತ್ತಾರೆ. ಆ ಹೊತ್ತಿಗೆ ಪೆನಾಲ್ಟಿ ಚುಕ್ಕೆಯ ಹತ್ತಿರ ತಟ್ಟನೆ ನಿಂತುಬಿಡುವ ಹುಡುಗ ಕಂಡರೆ ನಾನು ಅವನ ಹೆಸರಿನ ಮುಂದೆ ನಕ್ಷತ್ರ ಹಾಕುತ್ತೇನೆ. ಓಡುವುದನ್ನು ಯಾರಾದರೂ ಕಲಿಸಬಹುದು, ನಿಲ್ಲುವುದನ್ನು ಕಲಿಸುವುದು ಬಲು ಕಷ್ಟ.

ಇನ್ನೊಂದು ಗುರುತು ನನ್ನದೇ: ಹತ್ತು ಓಟ ಓಡಿದಾಗ ಒಂಬತ್ತರಲ್ಲಿ ಪಾಸ್ ಬರುವುದಿಲ್ಲ. ಒಂಬತ್ತನೆಯದು ವ್ಯರ್ಥವಾದ ಮೇಲೆ ಹತ್ತನೆಯದನ್ನು ಅದೇ ಬಿರುಸಿನಿಂದ ಓಡುತ್ತಾನೆಯೇ, ಇಲ್ಲ ಕೈಚೆಲ್ಲಿ ಮಿಡ್‌ಫೀಲ್ಡರನ ಕಡೆ ನೋಡುತ್ತಾ ನಡೆಯುತ್ತಾನೆಯೇ? ನನ್ನ 31 ಗೋಲಿನ ಹುಡುಗ ಕೈಚೆಲ್ಲುತ್ತಿದ್ದ. ಆಗ ಅದನ್ನು ನಾನು ಗೆಲ್ಲುವ ಹಟ ಎಂದು ಬರೆದುಕೊಂಡಿದ್ದೆ!

ಶಾಟ್‌ಗಳ ಲೆಕ್ಕವನ್ನು ಬಿಟ್ಟಿಲ್ಲ, ಆದರೆ ಬೇರೆ ರೀತಿ ಓದುತ್ತೇನೆ. ಮೈದಾನದ ನಕ್ಷೆಯ ಮೇಲೆ ಪ್ರತಿ ಶಾಟ್‌ಗೂ ಒಂದು ಚುಕ್ಕೆ. ಆ ಜಾಗದಿಂದ ಹೊಡೆದರೆ ಸಾಮಾನ್ಯವಾಗಿ ಎಷ್ಟು ಒಳಗೆ ಹೋಗುತ್ತವೆ ಎಂಬ ಲೆಕ್ಕಕ್ಕೆ ಈಗ ಎಕ್ಸ್‌ಜಿ (ಎಕ್ಸ್‌ಪೆಕ್ಟೆಡ್ ಗೋಲ್ಸ್) ಎನ್ನುತ್ತಾರೆ. ಒಂದು ಸೀಸನ್ನಿನ ನಲವತ್ತು ಶಾಟ್‌ಗಳಲ್ಲಿ ಎಷ್ಟು ಒಳಗೆ ಹೋದವು ಎಂಬುದರಲ್ಲಿ ಅದೃಷ್ಟದ ಪಾಲು ದೊಡ್ಡದು. ಆ ನಲವತ್ತನ್ನು ಎಲ್ಲಿಂದ ಹೊಡೆದ ಎಂಬುದು ಮಾತ್ರ ಮುಂದಿನ ವರ್ಷವೂ ಹೆಚ್ಚು ಬದಲಾಗುವುದಿಲ್ಲ. ಹಾಗಾಗಿ ಒಳ್ಳೆಯ ಜಾಗದಿಂದ ಹೊಡೆದು ಗೋಲು ತಪ್ಪಿಸಿಕೊಳ್ಳುವ ಹುಡುಗನ ಬಗ್ಗೆ ನನಗೆ ಚಿಂತೆಯಿಲ್ಲ, ಇಪ್ಪತ್ತೈದು ಗಜದಿಂದ ಮೂರು ಅದ್ಭುತ ಗೋಲು ಹೊಡೆದವನ ಬಗ್ಗೆ ಇದೆ.

ಇಷ್ಟೆಲ್ಲ ಮಾಡಿದರೂ ಯುವ ಟೂರ್ನಿ ಮೋಸಮಾಡುತ್ತದೆ. 2001ರ ಹದಿನೇಳರೊಳಗಿನ ವಿಶ್ವಕಪ್‌ನಲ್ಲಿ ಫ್ರಾನ್ಸಿನ ಫ್ಲೋರೆಂ ಸಿನಾಮಾ ಪೊಂಗೋಲ್ 9 ಗೋಲು ಹೊಡೆದ, ತಂಡ ಕಪ್ ಗೆದ್ದಿತು. ಮುಂದೆ ಸೀನಿಯರ್ ದೇಶದ ತಂಡದಲ್ಲಿ ಅವನಿಗೆ ಸಿಕ್ಕಿದ್ದು ಒಂದೇ ಪಂದ್ಯ. 2015ರಲ್ಲಿ ಅದೇ ಟೂರ್ನಿಯಲ್ಲಿ ನೈಜೀರಿಯಾದ ವಿಕ್ಟರ್ ಒಸಿಮೆನ್ 10 ಗೋಲು ಹೊಡೆದ. ಜರ್ಮನಿಯ ವೋಲ್ಫ್ಸ್‌ಬರ್ಗ್ ಅವನನ್ನು ಕರೆದುಕೊಂಡಿತು, ಅಲ್ಲಿ ಒಂದೂ ಗೋಲು ಬರಲಿಲ್ಲ. ಆ ವರ್ಷ ಯಾರಾದರೂ ವರದಿ ಕೇಳಿದ್ದರೆ ನಾನು ಇನ್ನೊಬ್ಬ ಪೊಂಗೋಲ್ ಎಂದೇ ಬರೆಯುತ್ತಿದ್ದೆನೇನೋ. ಅವನು ಲೋನ್ ಮೇಲೆ, ಅಂದರೆ ಸ್ವಲ್ಪ ಕಾಲಕ್ಕೆ ಎರವಲಾಗಿ, ಬೆಲ್ಜಿಯಂನ ಚಾರ್ಲೆರಾಯ್ ಕ್ಲಬ್ಬಿಗೆ ಹೋಗಿ, ಪ್ರತಿ ವಾರ ಆಡುತ್ತಾ ಆಡುತ್ತಾ ಮತ್ತೆ ಗೋಲು ಹೊಡೆಯಲು ಶುರುಮಾಡಿದ. 2023ರಲ್ಲಿ ಅವನಿದ್ದ ನಪೋಲಿ ಕ್ಲಬ್ ಇಟಲಿಯ ಲೀಗ್ ಗೆದ್ದಾಗ ಆ ಲೀಗಿನಲ್ಲಿ ಎಲ್ಲರಿಗಿಂತ ಹೆಚ್ಚು, 26 ಗೋಲು ಹೊಡೆದವನು ಅವನೇ.

ನನ್ನ ಎರಡನೇ ಹುಡುಗನ ಕಥೆಗೆ ಬರುತ್ತೇನೆ. ಇವನು ನವೆಂಬರಿನವನು. ಹದಿನಾರಕ್ಕೆ ಇನ್ನೂ ಮಗುವಿನ ಮುಖ, ಹೆಗಲು ತಾಗಿಸಿದರೆ ಬಿದ್ದುಬಿಡುತ್ತಿದ್ದ. ಆ ಸೀಸನ್ನಿನಲ್ಲಿ 8 ಗೋಲು. ಅವನನ್ನು ಕೈಬಿಡೋಣ ಎಂದವರಲ್ಲಿ ನಾನೂ ಒಬ್ಬ, ಹಳೆಯ ವರದಿ ಈಗಲೂ ನನ್ನ ಬಳಿ ಇದೆ. ಫಿಸಿಯೋ ಮಾತ್ರ ‘ಇವನ ಬೆಳವಣಿಗೆ ಇನ್ನೂ ಶುರುವೇ ಆಗಿಲ್ಲ, ಒಂದು ವರ್ಷ ಕೊಡಿ’ ಎಂದು ಪಟ್ಟುಹಿಡಿದ. ಹೊಸ ನೋಟ್‌ಬುಕ್ಕಿನಲ್ಲಿ ಇವನನ್ನು ಅಳೆದಾಗ ನನಗೇ ನಾಚಿಕೆಯಾಯಿತು. ಕಾಲಿನಲ್ಲಿ ಬಲ ಇಲ್ಲದವನು ಬದುಕಲಿಕ್ಕಾಗಿ ಕಣ್ಣು ಬೆಳೆಸಿಕೊಂಡಿದ್ದ. ಪ್ರತಿ ಪಾಸಿಗೂ ಮುಂಚೆ ಎರಡು ಮೂರು ಸಲ ತಿರುಗಿ ನೋಡುತ್ತಿದ್ದ. ಗೋಲಿನ ಹತ್ತಿರದ ಕಂಬದ ಕಡೆ ಎರಡು ಹೆಜ್ಜೆ ಇಟ್ಟು, ಡಿಫೆಂಡರ್ ಹಿಂದೆ ಬಂದ ಕೂಡಲೇ ಹಿಂದಕ್ಕೆ ಜಾರುತ್ತಿದ್ದ. ಸರಿಯಾದ ಜಾಗದಲ್ಲಿ ಸರಿಯಾದ ಹೊತ್ತಿಗೆ ನಿಂತಿರುತ್ತಿದ್ದ, ಚೆಂಡು ಅಲ್ಲಿಗೆ ಬರುತ್ತಿರಲಿಲ್ಲ, ಅಷ್ಟೆ. ಹದಿನೆಂಟಕ್ಕೆ ಏಳು ಇಂಚು ಬೆಳೆದ.

ಪ್ರತಿಭೆಯ ಮಾತು ಅಲ್ಲಿಗೆ ಮುಗಿಯಿತು, ಮುಂದಿನದು ದಾರಿಯ ಮಾತು. ನನ್ನ ಅನುಭವದಲ್ಲಿ ಹೆಚ್ಚು ಹುಡುಗರು ಕಳೆದುಹೋಗುವುದು ಇಲ್ಲಿ. ಒಂದು ತಂಡದಲ್ಲಿ ಸೆಂಟರ್ ಫಾರ್ವರ್ಡ್‌ಗೆ ಸಾಮಾನ್ಯವಾಗಿ ಒಂದೇ ಜಾಗ. ಮಿಡ್‌ಫೀಲ್ಡರ್ ಆದರೆ ಅಲ್ಲೋ ಇಲ್ಲೋ ತುರುಕಬಹುದು, ಸ್ಟ್ರೈಕರನನ್ನು ಹಾಗೆ ತುರುಕಲು ಆಗುವುದಿಲ್ಲ. ಸೋಲಿನ ಭಯದಲ್ಲಿರುವ ಮ್ಯಾನೇಜರ್ ಅಲ್ಲಿ ಹದಿನೆಂಟರವನನ್ನು ನಿಲ್ಲಿಸುವ ಬದಲು ಹೊರಗಿನಿಂದ ಪಳಗಿದವನನ್ನು ತರಿಸುತ್ತಾನೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕ್ಲಬ್ಬುಗಳಿಗೂ ಸಲ್ಲುತ್ತದೆ. ಹಾಗಾಗಿ ಈಗ ಹುಡುಗನ ಬಗ್ಗೆ ಬರೆಯುವ ಮುಂಚೆ ಅವನ ಮುಂದೆ ಸಾಲಿನಲ್ಲಿ ಯಾರಿದ್ದಾರೆ, ಅವರ ವಯಸ್ಸೆಷ್ಟು, ಒಪ್ಪಂದ ಯಾವ ವರ್ಷ ಮುಗಿಯುತ್ತದೆ ಎಂದು ಮೊದಲು ಗುರುತಿಸುತ್ತೇನೆ.

ನಮ್ಮ ಹುಡುಗನನ್ನು ಲೋನ್ ಮೇಲೆ ಕಳಿಸಿದೆವು. ಅಲ್ಲೂ ನಾನು ಎಡವಿದೆ. ಹೆಸರು ದೊಡ್ಡದೆಂದು ಒಂದು ಕ್ಲಬ್ ಆರಿಸಿದೆವು. ಅವರು ಮುಂದೆ ಒಬ್ಬನನ್ನೇ ಇಟ್ಟು ಆಡುತ್ತಿದ್ದರು, ಆ ಒಬ್ಬ ಅವರ ಕ್ಯಾಪ್ಟನ್. ಆರು ತಿಂಗಳಲ್ಲಿ ಹುಡುಗನಿಗೆ ಸಿಕ್ಕಿದ್ದು 140 ನಿಮಿಷ. ಫೋನಿನಲ್ಲಿ ‘ಚೆನ್ನಾಗಿದೀನಿ ಸರ್’ ಎನ್ನುತ್ತಿದ್ದ, ದನಿಯೇ ಬೇರೆ ಹೇಳುತ್ತಿತ್ತು. ಚಳಿಗಾಲದ ವರ್ಗಾವಣೆ ಅವಧಿಯಲ್ಲಿ ವಾಪಸು ಕರೆಸಿ ಒಂದು ಡಿವಿಜನ್ ಕೆಳಗಿನ ತಂಡಕ್ಕೆ ಹಾಕಿದೆವು. ಈ ಸಲ ಮೊದಲು ನಾನೇ ಹೋಗಿ ಅವರ ಮೂರು ಪಂದ್ಯ ನೋಡಿ ಬಂದೆ: ಎರಡು ಬದಿಯಿಂದ ಕ್ರಾಸ್ ಹಾಕುತ್ತಾರೋ ಇಲ್ಲವೋ, ಅಷ್ಟೇ ನನಗೆ ಬೇಕಾಗಿದ್ದು. ಅಲ್ಲಿ ಮೈದಾನ ಕೆಸರು, ಡಿಫೆಂಡರುಗಳು ಮೊಣಕೈ ಬೀಸುವವರು. ಮೊದಲ ಆರು ಪಂದ್ಯ ಗೋಲಿಲ್ಲ. ಏಳನೆಯದರಲ್ಲಿ ಎರಡು.

ಇಂಗ್ಲೆಂಡಿನ ಸ್ಟ್ರೈಕರ್ ಹ್ಯಾರಿ ಕೇನ್‌ನ ಉದಾಹರಣೆಯನ್ನು ಹುಡುಗರಿಗೆ ಯಾಕೆ ಹೇಳುತ್ತೇನೆಂದರೆ ಅವನು ನಾಲ್ಕು ಕಡೆ ಲೋನ್ ಮೇಲೆ ಹೋದವನು: ಲೇಟನ್ ಓರಿಯಂಟ್, ಮಿಲ್‌ವಾಲ್, ನಾರ್ವಿಚ್, ಲೆಸ್ಟರ್. 2013ರಲ್ಲಿ, ಮೇಲಿನ ಲೀಗಿಗೆ ಏರಲು ಲೆಸ್ಟರ್ ಆಡಿದ ಪ್ಲೇ-ಆಫ್ ಸೆಮಿಫೈನಲ್‌ನಲ್ಲಿ ಬೆಂಚಿನ ಮೇಲೆ ಕೇನ್ ಇದ್ದ, ಪಕ್ಕದಲ್ಲಿ ಜೇಮಿ ವಾರ್ಡಿ. ಎರಡು ವರ್ಷದಲ್ಲಿ ಇಬ್ಬರೂ ಇಂಗ್ಲೆಂಡಿಗೆ ಆಡಿದರು, ಆಗ ವಾರ್ಡಿಗೆ 28. ಹದಿನಾರಕ್ಕೆ ಶೆಫೀಲ್ಡ್ ವೆನ್ಸ್‌ಡೇ ಕ್ಲಬ್ ಕೈಬಿಟ್ಟಿದ್ದ ಹುಡುಗ ಅವನು. ಇದನ್ನು ಹೇಳುವಾಗ ನಾನು ಇನ್ನೊಂದು ಹೆಸರನ್ನೂ ಸೇರಿಸುತ್ತೇನೆ, ಸ್ಪೇನಿನ ಬೋಯಾನ್ ಕ್ರಿಕಿಚ್. ಹದಿನೇಳಕ್ಕೆ ಬಾರ್ಸಿಲೋನಾ ಸೀನಿಯರ್ ತಂಡದಲ್ಲಿದ್ದ. ಆತಂಕ ತಾಳಲಾರದೆ ಯೂರೋ 2008ಕ್ಕೆ ಹೋಗಲಿಲ್ಲ, ಅದನ್ನು ಅವನೇ ಆಮೇಲೆ ಬಾಯಿಬಿಟ್ಟು ಹೇಳಿದ. ಸ್ಪೇನಿಗೆ ಒಟ್ಟು ಆಡಿದ್ದು ಒಂದು ಪಂದ್ಯ. ಅದಕ್ಕೇ ಈಗ ವರದಿಯಲ್ಲಿ ‘ನಿದ್ದೆ ಸರಿಯಾಗಿದೆಯೇ’ ಎಂಬ ಸಾಲನ್ನೂ ಇಟ್ಟುಕೊಂಡಿದ್ದೇನೆ. ನಗುವವರು ನಗಲಿ.

ದೇಶದ ತಂಡದ ಪ್ರಶ್ನೆ ಇನ್ನೂ ಗೋಜಲು. ಕ್ಲಬ್ ದುಡ್ಡು ಕೊಟ್ಟು ಸ್ಟ್ರೈಕರ್ ತರಬಹುದು, ದೇಶಕ್ಕೆ ಆಗುವುದಿಲ್ಲ. ಹಾಗಾಗಿ ಹುಡುಗ ಎಷ್ಟು ಒಳ್ಳೆಯವನು ಎಂಬುದಕ್ಕಿಂತ, ಅವನ ತಲೆಮಾರಿನಲ್ಲಿ ಆ ಜಾಗಕ್ಕೆ ಇನ್ನೆಷ್ಟು ಜನ ಇದ್ದಾರೆ ಎಂಬುದೇ ಎಷ್ಟೋ ಸಲ ನಿರ್ಧರಿಸುತ್ತದೆ. ನಮ್ಮವನ ಮುಂದೆ ಇಬ್ಬರಿದ್ದಾರೆ, ಇಬ್ಬರಿಗೂ ಇಪ್ಪತ್ತೈದು ಕೂಡ ಆಗಿಲ್ಲ. ಅವನ ತಂದೆ ಒಂದು ದಿನ ಬಂದು ಕೇಳಿದರು: ‘ಇವನ ಅಜ್ಜಿಯ ದೇಶದವರು ಕರೀತಿದಾರೆ ಸರ್, ಹೋಗಲಾ?’ ಏಜೆಂಟ್ ಆಗಲೇ ಅವರ ಕಿವಿ ಊದಿದ್ದ.

ನಾನು ನಿಯಮವನ್ನಷ್ಟೇ ಹೇಳಿದೆ. ಸ್ನೇಹಪರ ಪಂದ್ಯ ಆಡಿದರೆ ಕೈಕಟ್ಟಿದಂತಾಗುವುದಿಲ್ಲ: ಸ್ಟ್ರೈಕರ್ ಡಿಯೆಗೋ ಕೋಸ್ಟಾ 2013ರಲ್ಲಿ ಬ್ರೆಜಿಲ್‌ಗೆ ಎರಡು ಸ್ನೇಹಪರ ಪಂದ್ಯ ಆಡಿ, ಮರುವರ್ಷ ಸ್ಪೇನ್ ಜರ್ಸಿ ತೊಟ್ಟ. ವಿಶ್ವಕಪ್ ಅರ್ಹತಾ ಪಂದ್ಯದಂಥ ಅಧಿಕೃತ ಪಂದ್ಯವಾದರೆ ಬೇರೆ. 2020ರಲ್ಲಿ ಫಿಫಾ ನಿಯಮ ಸಡಿಲಿಸಿತು: ಮೂರಕ್ಕಿಂತ ಹೆಚ್ಚು ಸೀನಿಯರ್ ಪಂದ್ಯ ಆಡಿರಬಾರದು, ಕೊನೆಯದನ್ನು 21 ತುಂಬುವ ಮೊದಲೇ ಆಡಿರಬೇಕು, ಅದಾಡಿ ಮೂರು ವರ್ಷ ಕಳೆದಿರಬೇಕು, ವಿಶ್ವಕಪ್ ಅಥವಾ ಖಂಡದ ಪ್ರಧಾನ ಟೂರ್ನಿಯ ಅಂತಿಮ ಸುತ್ತಿನಲ್ಲಿ ಆಡಿರಬಾರದು, ಆಗ ಮಾತ್ರ ದೇಶ ಬದಲಿಸಬಹುದು. ‘ಮೂರು ವರ್ಷ ಎರಡೂ ದೇಶ ಇಲ್ಲದೆ ಕೂರಬೇಕಾದೀತು, ಅದನ್ನು ಲೆಕ್ಕಕ್ಕೆ ತಗೊಳ್ಳಿ’ ಎಂದೆ. ಹುಡುಗ ಪಕ್ಕದಲ್ಲೇ ಇದ್ದ, ಒಂದು ಮಾತೂ ಆಡಲಿಲ್ಲ. ವಾರದ ಮೇಲೆ ಅವನೇ ಅಜ್ಜಿಯ ದೇಶದವರಿಗೆ ಬೇಡ ಎಂದು ಹೇಳಿಕಳಿಸಿದನಂತೆ. ಸರಿಯೋ ತಪ್ಪೋ, ನಿರ್ಧಾರ ಅವನದಾಗಿತ್ತು, ನನಗೆ ಅಷ್ಟು ಸಾಕಾಯಿತು.

ಈಗ ಅವನಿಗೆ 21. ನಮ್ಮ ಸೀನಿಯರ್ ತಂಡದಲ್ಲಿ ಹೆಚ್ಚಾಗಿ ಅರವತ್ತನೇ ನಿಮಿಷದ ಮೇಲೆ ಇಳಿಯುತ್ತಾನೆ, ಕಪ್ ಪಂದ್ಯಗಳಲ್ಲಿ ಶುರುವಿನಿಂದ. ಈ ಸಲದ ವರದಿಯಲ್ಲಿ ಮೊದಲ ಪ್ರಶ್ನೆಗೆ ‘ಬಂದಾಗಿದೆ’ ಎಂದು ಬರೆದೆ. ಎರಡನೆಯದಕ್ಕೆ ‘ಮುಂದಿನ ಸೀಸನ್ 1,500 ನಿಮಿಷ ಆಡಿದರೆ ಕೇಳಿ’ ಎಂದು ಬರೆದೆ. ಮೇಲಿನವರಿಗೆ ಇದು ಉತ್ತರ ಅನ್ನಿಸಲಿಲ್ಲ.

ಮೊನ್ನೆ ದೇಶದ ತಂಡದ ಪಟ್ಟಿ ಬಂತು, ಅವನ ಹೆಸರಿರಲಿಲ್ಲ. ಸಂಜೆ ಫೋನ್ ಮಾಡಿದ. ಪಟ್ಟಿಯ ವಿಷಯ ಇಬ್ಬರೂ ಎತ್ತಲಿಲ್ಲ. ಶನಿವಾರದ ಪಂದ್ಯದಲ್ಲಿ ಎಡಬದಿಯಿಂದ ಕ್ರಾಸ್ ಬಂದಾಗ ಅವನು ಪೆನಾಲ್ಟಿ ಚುಕ್ಕೆಯಲ್ಲಿ ಒಬ್ಬನೇ ನಿಂತಿದ್ದ, ಚೆಂಡು ಎಲ್ಲರನ್ನೂ ದಾಟಿ ಆಚೆ ಹೋಗಿತ್ತು. ಅದನ್ನು ನೋಡಿದೆ ಎಂದೆ.

‘ವಿಂಗರ್‌ಗೆ ವಿಡಿಯೊ ತೋರಿಸಿದೀನಿ ಸರ್,’ ಎಂದ. ‘ಮುಂದಿನ ವಾರ ಅಲ್ಲಿಗೇ ಹಾಕ್ತಾನಂತೆ.’